ದುಡಿಮೆಗೆ ಹೆಗಲು ಕೊಟ್ಟ ನಟ: ಬಲರಾಜ ಸಾಹನಿ

(ಗಿರಣಿ ಕಾರ್ಮಿಕರು ಮತ್ತು ಪೇಟೆಯ ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಒಬ್ಬ ನಟನ ವಿಷಯವಾಗಿ ಈ ಸಭೆಯಲ್ಲಿ ಮಾತನಾಡುವುದೇಕೆ ಎಂದು ಕೆಲವರು ಕೇಳಬಹುದು. ಕೂಲಿಯ ಪ್ರಶ್ನೆ ಇದೆ, ಬೋನಸ್ಸಿನ ಪ್ರಶ್ನೆ ಇದೆ, ಸಾಲದ ಬಡ್ಡಿಯ ಪ್ರಶ್ನೆ ಇದೆ. ಇವನ್ನೆಲ್ಲ ಬದಿಗಿಟ್ಟು ಸಿನಿಮಾದ ಮಾತೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ದಿನವಿಡೀ ದುಡಿದ ಮನುಷ್ಯ ಸಂಜೆ ವಿಶ್ರಾಂತಿಗೆಂದು ಕೂರುವುದು ಚಿತ್ರದ ಮುಂದೆಯೇ. ಒಂದು ಕಾಲಕ್ಕೆ ಟೆಂಟಿನಲ್ಲಿ ಕೂತ, ಆಮೇಲೆ ಟಾಕೀಸಿನಲ್ಲಿ ಕೂತ, ಈಗ ಅಂಗೈಯೊಳಗಿನ ಮೊಬೈಲಿನಲ್ಲಿ ನೋಡುತ್ತಾನೆ. ಅಲ್ಲಿ ತನ್ನಂಥವನನ್ನು ಅವನು ಯಾವ ರೂಪದಲ್ಲಿ ಕಾಣುತ್ತಾನೆ? ಬಹುಮಟ್ಟಿಗೆ ಕುಡುಕನ ರೂಪದಲ್ಲಿ, ಪೆದ್ದ ಆಳಿನ ರೂಪದಲ್ಲಿ, ನಾಯಕನ ಕಾರಿನ ಬಾಗಿಲು ತೆರೆದು ಸಲಾಮು ಹಾಕುವವನ ರೂಪದಲ್ಲಿ. ಅಂಗಡಿಕಾರನಾದರೆ ತಕ್ಕಡಿಯಲ್ಲಿ ಮೋಸ ಮಾಡುವವನ ರೂಪದಲ್ಲಿ. ತೆರೆಯ ಮೇಲೆ ಮರ್ಯಾದೆ ಇಲ್ಲದವನಿಗೆ ಊರಿನಲ್ಲಿ ಮರ್ಯಾದೆ ಸಿಗುವುದು ಕಷ್ಟ. ಆದ್ದರಿಂದ ಈ ಪ್ರಶ್ನೆಯೂ ನಮ್ಮ ಪ್ರಶ್ನೆಯೇ.

ದುಡಿಯುವವನನ್ನು ತೆರೆಯ ನಡುವಿಗೆ ತಂದು ನಿಲ್ಲಿಸಿ, ಅವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದ ನಟರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಬಲರಾಜ ಸಾಹನಿಯವರು ಮುಖ್ಯರು. ಅವರು ಕಮ್ಯುನಿಸ್ಟ್ ಚಳವಳಿಗೆ ಸೇರಿದವರು. ಸಮಾಜವಾದಿಗಳಾದ ನಮಗೂ ಆ ಪಕ್ಷಕ್ಕೂ ಇರುವ ಭಿನ್ನಾಭಿಪ್ರಾಯ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಒಳ್ಳೆಯ ದುಡಿಮೆಯನ್ನು ಒಳ್ಳೆಯದು ಎನ್ನಲು ಪಕ್ಷದ ಚೀಟಿ ನೋಡಬೇಕಾಗಿಲ್ಲ.

ವರ್ತಕನ ಮಗ

ಬಲರಾಜರು ಹುಟ್ಟಿದ್ದು 1913ರ ಮೇ 1ರಂದು, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. ಕಾರ್ಮಿಕರ ದಿನದಂದು ಹುಟ್ಟಿದರಾದರೂ ಹುಟ್ಟಿದ ಮನೆ ಕಾರ್ಮಿಕರದಲ್ಲ. ತಂದೆ ಅನುಕೂಲಸ್ಥ ವ್ಯಾಪಾರಿ, ಆರ್ಯಸಮಾಜದ ನಿಷ್ಠಾವಂತರು. ಮಗನಿಗೆ ಮೊದಲು ಇಟ್ಟ ಹೆಸರು ಯುಧಿಷ್ಠಿರ. ಹಿಂದಿಯ ದೊಡ್ಡ ಲೇಖಕರಾದ ಭೀಷ್ಮ ಸಾಹನಿಯವರು ಇವರ ತಮ್ಮ. ಬಲರಾಜರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. ಸ್ವಲ್ಪ ಕಾಲ ತಂದೆಯ ವ್ಯಾಪಾರದಲ್ಲಿ ಕೂತರು. ಮನಸ್ಸು ನಿಲ್ಲಲಿಲ್ಲ. ಹೆಂಡತಿ ದಮಯಂತಿಯವರನ್ನು ಕರೆದುಕೊಂಡು ಮನೆ ಬಿಟ್ಟು ಹೊರಟರು.

ಮುಂದೆ ಅವರು ಸೇರಿದ ಜಾಗಗಳನ್ನು ನೋಡಿ. 1930ರ ದಶಕದ ಕೊನೆಯಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಅಧ್ಯಾಪಕರು. ಅಲ್ಲಿಂದ ಗಾಂಧೀಜಿಯವರ ಸೇವಾಗ್ರಾಮದಲ್ಲಿ ಹೊಸ ಶಿಕ್ಷಣದ ಪತ್ರಿಕೆಯ ಕೆಲಸ. ಅಲ್ಲಿಂದ ಯುದ್ಧಕಾಲದ ಲಂಡನ್ನಿನಲ್ಲಿ ಬಿ.ಬಿ.ಸಿ.ಯ ಹಿಂದಿ ವಿಭಾಗದಲ್ಲಿ ಉದ್ಘೋಷಕರ ಕೆಲಸ. ಮೂವತ್ತೊಂದು ವಯಸ್ಸಿನೊಳಗೆ ಇಷ್ಟನ್ನು ಕಂಡವರು 1944ರಲ್ಲಿ ಸ್ವದೇಶಕ್ಕೆ ಮರಳಿ ಮುಂಬಯಿ ಸೇರಿದರು.

ಶಾಂತಿನಿಕೇತನದ ಒಂದು ಪ್ರಸಂಗವನ್ನು ಅವರು ಜೀವನಪರ್ಯಂತ ನೆನೆದರು. ನೀನು ನಿನ್ನ ತಾಯಿನುಡಿಯಲ್ಲಿ ಏಕೆ ಬರೆಯುವುದಿಲ್ಲ ಎಂದು ಠಾಕೂರರು ಕೇಳಿದರಂತೆ. ಪಂಜಾಬಿ ಮನೆಯ ಮಾತು, ಬರವಣಿಗೆಗೆ ಹಿಂದಿ ಇಂಗ್ಲಿಷು ಎಂದುಕೊಂಡಿದ್ದ ತರುಣನಿಗೆ ಆಗ ಆ ಮಾತು ರುಚಿಸಲಿಲ್ಲ. ಕಾಲ ಕಳೆದ ಮೇಲೆ ನಾಟಿತು. ಮುಂದೆ ಅವರು ಪಂಜಾಬಿಯಲ್ಲೇ ಬರೆದರು, ಪಂಜಾಬಿಗಾಗಿ ವಾದಿಸಿದರು. ಕನ್ನಡದಲ್ಲಿ ಅರ್ಜಿ ಬರೆದರೆ ಕಚೇರಿಯಲ್ಲಿ ಬೆಲೆ ಇರುವುದಿಲ್ಲವೆಂದು ಅಂಜುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಂಗಭೂಮಿಯಿಂದ ಜೈಲಿಗೆ

1943ರಲ್ಲಿ ಮುಂಬಯಿಯಲ್ಲಿ ಜನನಾಟ್ಯ ಸಂಘ, ಅಂದರೆ ಇಪ್ಟಾ, ಸ್ಥಾಪನೆಯಾಗಿತ್ತು. ಬಂಗಾಲದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸಾಯುತ್ತಿದ್ದ ಕಾಲವದು. ಗೋದಾಮಿನಲ್ಲಿ ಅಕ್ಕಿ, ಬೀದಿಯಲ್ಲಿ ಹೆಣ. ಇಂಥ ದಿನಗಳಲ್ಲಿ ರಾಜರಾಣಿಯರ ನಾಟಕ ಆಡುತ್ತ ಕೂರುವುದು ಅಪರಾಧವೆಂದು ತಿಳಿದ ಕಲಾವಿದರು ಕಟ್ಟಿದ ಸಂಸ್ಥೆ ಇದು. ಬಲರಾಜರು ಬಂದವರೇ ಇದರೊಳಗೆ ಧುಮುಕಿದರು. ಖ್ವಾಜಾ ಅಹಮದ್ ಅಬ್ಬಾಸರ ‘ಜುಬೇದಾ’ ನಾಟಕವನ್ನು ನಿರ್ದೇಶಿಸಿದರು. ನಾಟಕ ಬರೆದರು, ಆಡಿದರು, ಆಡಿಸಿದರು. 1946ರಲ್ಲಿ ಬಂಗಾಲದ ಬರಗಾಲವನ್ನೇ ಕುರಿತು ಇಪ್ಟಾದ ಕಲಾವಿದರು ಅಬ್ಬಾಸರ ನಿರ್ದೇಶನದಲ್ಲಿ ‘ಧರತೀ ಕೇ ಲಾಲ್’ ಎಂಬ ಚಿತ್ರ ತೆಗೆದರು. ಅದರಲ್ಲಿ ಬಲರಾಜರೂ ದಮಯಂತಿಯವರೂ ನಟಿಸಿದರು.

ಆ ದಿನಗಳಲ್ಲಿ ಮನೆ ನಡೆದದ್ದು ಮುಖ್ಯವಾಗಿ ದಮಯಂತಿಯವರ ದುಡಿಮೆಯಿಂದ. ಆಕೆ ಪೃಥ್ವಿ ಥಿಯೇಟರ್ಸ್ ಕಂಪನಿಯ ಹೆಸರಾಂತ ನಟಿ. ಗಂಡನ ಕೀರ್ತಿಯ ಲೆಕ್ಕ ಬರೆಯುವಾಗ ಹೆಂಡತಿಯ ದುಡಿಮೆಯ ಬಾಬತ್ತನ್ನು ಬಿಟ್ಟುಬಿಡುವುದು ನಮ್ಮ ಸಮಾಜದ ಹಳೆಯ ಚಾಳಿ. ನಾವು ಬಿಡುವುದು ಬೇಡ. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಆಕೆ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ರಾವಲ್ಪಿಂಡಿಯ ಊರುಮನೆಯೂ ದೇಶವಿಭಜನೆಯಲ್ಲಿ ಹೋಯಿತು.

ಸ್ವಾತಂತ್ರ್ಯ ಬಂದ ಮೇಲೆ ಬಲರಾಜರಿಗೆ ದೊರೆತದ್ದು ಜೈಲು. ಮೆರವಣಿಗೆಯಲ್ಲಿ ಭಾಗವಹಿಸಿದ್ದಕ್ಕಾಗಿ ಅವರನ್ನು ಹಿಡಿದು ಮುಂಬಯಿಯ ಆರ್ಥರ್ ರೋಡ್ ಜೈಲಿಗೆ ಹಾಕಿದರು. ಆಗ ಅವರು ‘ಹಲ್‌ಚಲ್’ ಎಂಬ ಚಿತ್ರದಲ್ಲಿ ನಟಿಸುತ್ತಿದ್ದರು. ಆ ಚಿತ್ರದಲ್ಲಿ ಅವರ ಪಾತ್ರ ಯಾವುದು ಬಲ್ಲಿರಾ? ಜೈಲರನ ಪಾತ್ರ! ನಿರ್ಮಾಪಕರು ಸರ್ಕಾರದ ಅನುಮತಿ ಪಡೆದು ಅವರನ್ನು ಚಿತ್ರೀಕರಣಕ್ಕೆ ಕರೆಸಿಕೊಳ್ಳುತ್ತಿದ್ದರು. ಹಗಲು ಸ್ಟುಡಿಯೋದಲ್ಲಿ ಜೈಲರನ ಉಡುಪು, ಕೆಲಸ ಮುಗಿದೊಡನೆ ಮತ್ತೆ ಕಂಬಿಯ ಹಿಂದೆ. ಬಹುಮುಖ ನಟನೆಂಬ ಬಿರುದಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾವ ಸರ್ಕಾರವೂ ಒಡ್ಡಿರಲಾರದು.

1951ರಲ್ಲಿ ಬಂದ ‘ಬಾಜೀ’ ಚಿತ್ರದ ಕಥೆಯನ್ನು ಬರೆದವರಲ್ಲಿಯೂ ಬಲರಾಜರ ಹೆಸರಿದೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು ಮೊದಲು ನಿರ್ದೇಶಿಸಿದ ಚಿತ್ರ ಅದೇ. ಅದೇ ವರ್ಷ ಬಂದ ‘ಹಮ್ ಲೋಗ್’ನಿಂದ ನಟನಾಗಿ ಅವರ ಹೆಸರು ಜನಕ್ಕೆ ತಿಳಿಯಿತು. ಅಲ್ಲಿಯವರೆಗೆ ಕ್ಯಾಮರಾದ ಮುಂದೆ ನಿಂತರೆ ಕೈಕಾಲು ಮರಗಟ್ಟುತ್ತಿದ್ದುವೆಂದು ಅವರೇ ಬರೆದುಕೊಂಡಿದ್ದಾರೆ. ಹುಟ್ಟುತ್ತಲೇ ಯಾರೂ ನಟರಲ್ಲ. ಮಗ್ಗದ ಮುಂದೆ ನಿಂತ ಮೊದಲ ದಿನವೇ ಯಾರೂ ನುರಿತ ನೇಕಾರರಲ್ಲ.

ಎರಡು ಬಿಘಾ ಭೂಮಿ

ಈಗ ಮುಖ್ಯ ವಿಷಯಕ್ಕೆ ಬರೋಣ. 1953ರಲ್ಲಿ ಬಿಮಲ್ ರಾಯ್ ಅವರು ‘ದೋ ಬಿಘಾ ಜಮೀನ್’ ಚಿತ್ರವನ್ನು ತೆಗೆದರು. ಬಿಘಾ ಎಂಬುದು ಉತ್ತರದವರ ಅಳತೆ. ಬಂಗಾಲದ ಲೆಕ್ಕದಲ್ಲಿ ಎರಡು ಬಿಘಾ ಎಂದರೆ ಒಂದು ಎಕರೆಯೂ ಆಗುವುದಿಲ್ಲ. ಶಂಭು ಎಂಬ ರೈತನಿಗೆ ಇರುವುದು ಅಷ್ಟೇ. ಜಮೀನುದಾರನು ಪಟ್ಟಣದ ಬಂಡವಾಳಗಾರರೊಡನೆ ಸೇರಿ ಅಲ್ಲಿ ಒಂದು ಗಿರಣಿ ಎಬ್ಬಿಸಬೇಕೆಂದಿದ್ದಾನೆ. ಶಂಭುವಿನ ತುಂಡು ನೆಲ ನಡುವೆ ಅಡ್ಡ ಬಂದಿದೆ. ಮಾರಲಾರೆ ಎಂದಾಗ ಸಾಲದ ಪತ್ರ ಹೊರಬರುತ್ತದೆ. ಶಂಭುವಿನ ಲೆಕ್ಕಕ್ಕೆ ಸಾಲ 65 ರೂಪಾಯಿ. ಜಮೀನುದಾರನ ಕಾಗದದಲ್ಲಿ 235 ರೂಪಾಯಿ. ಕೋರ್ಟು ಮೂರು ತಿಂಗಳ ಗಡುವು ಕೊಡುತ್ತದೆ. ಶಂಭು ಕಲ್ಕತ್ತೆಗೆ ಹೋಗಿ ಕೈರಿಕ್ಷಾ ಎಳೆಯುತ್ತಾನೆ. ಚಿಕ್ಕ ಮಗ ಬೂಟು ಪಾಲಿಶ್ ಮಾಡುತ್ತಾನೆ. ಕೊನೆಗೂ ಹಣ ಹೊಂದುವುದಿಲ್ಲ. ಹರಾಜಾದ ನೆಲದ ಮೇಲೆ ಕಾರ್ಖಾನೆ ಏಳುತ್ತದೆ. ಬೇಲಿಯ ಬಳಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳಲು ಹೋದರೆ ಕಾವಲುಗಾರ ಅದನ್ನೂ ಬಿಡಿಸಿ ಹಾಕುತ್ತಾನೆ.

ಗಿರಣಿಯ ಬಂಧುಗಳೇ, ಗಿರಣಿ ನಮಗೆ ಅನ್ನ ಕೊಟ್ಟಿತು ಎಂಬುದು ಸತ್ಯ. ಆದರೆ ಅದರ ಬುನಾದಿಯ ಕೆಳಗೆ ಯಾರ ಎರಡು ಬಿಘಾ ಹೂತುಹೋಗಿದೆ ಎಂಬ ಪ್ರಶ್ನೆಯನ್ನು ಈ ಚಿತ್ರದಷ್ಟು ನೇರವಾಗಿ ಕೇಳಿದ ಚಿತ್ರಗಳು ಕಡಿಮೆ. ನಮ್ಮಲ್ಲೂ ಎಷ್ಟು ಜನರ ಅಜ್ಜಂದಿರು ಹೊಲ ಕಳೆದುಕೊಂಡು ಗಿರಣಿಯ ಬಾಗಿಲಿಗೆ ಬಂದವರು!

ಈ ಪಾತ್ರಕ್ಕೆ ಕರೆಸಿಕೊಂಡಾಗ ಬಿಮಲ್ ರಾಯ್ ಅವರು ಬಲರಾಜರನ್ನು ಕಂಡು ನಿರಾಶರಾದರಂತೆ. ಎದುರಿಗೆ ನಿಂತವರು ಸೂಟು ಬೂಟು ತೊಟ್ಟ, ಇಂಗ್ಲೆಂಡಿನಿಂದ ಬಂದವರಂತೆ ಕಾಣುವ ಎತ್ತರದ ಗೃಹಸ್ಥರು. ನಮ್ಮವರು ತಪ್ಪು ಮನುಷ್ಯನನ್ನು ಕರೆತಂದಿದ್ದಾರೆ ಎಂದೇ ಅವರ ಭಾವನೆಯಾಯಿತು. ‘ಧರತೀ ಕೇ ಲಾಲ್’ನಲ್ಲಿ ರೈತನ ಪಾತ್ರ ಮಾಡಿದ್ದೇನೆಂದು ಹೇಳಿದ ಮೇಲೆ ಒಪ್ಪಿಗೆ ದೊರೆಯಿತು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಹೊಟ್ಟೆ ತುಂಬಿದ ಮನೆಯಲ್ಲಿ ಹುಟ್ಟಿ, ಎಂ.ಎ. ಓದಿ, ಲಂಡನ್ನಿನಲ್ಲಿ ಕೆಲಸ ಮಾಡಿದವನು ರಿಕ್ಷಾ ಎಳೆಯುವವನ ವೇಷ ಹಾಕುವುದು ಆತ್ಮವಂಚನೆಯಲ್ಲವೇ? ಬಡತನವನ್ನು ಬಾಡಿಗೆಗೆ ತಂದು ಉಟ್ಟಂತೆ ಅಲ್ಲವೇ? ಈ ಪ್ರಶ್ನೆ ಬಲರಾಜರನ್ನೇ ಕಾಡಿತು. ಅದಕ್ಕೆ ಅವರು ಮಾತಿನಲ್ಲಿ ಉತ್ತರ ಹುಡುಕಲಿಲ್ಲ, ಕಲಿಯಲು ಹೊರಟರು.

ಮುಂಬಯಿಯ ಜೋಗೇಶ್ವರಿಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ಉತ್ತರದೇಶದವರ ವಸತಿಯೊಂದಿತ್ತು. ಬಲರಾಜರು ಅಲ್ಲಿಗೆ ಹೋಗಿ ಅವರು ಹೇಗೆ ಕೂರುತ್ತಾರೆ, ಹೇಗೆ ಉಣ್ಣುತ್ತಾರೆ, ಹೇಗೆ ನಡೆಯುತ್ತಾರೆ ಎಂದು ನೋಡುತ್ತ ಕಾಲ ಕಳೆದರು. ತಲೆಗೆ ಟವಲು ಸುತ್ತುವ ರೀತಿ ಒಬ್ಬೊಬ್ಬರದು ಒಂದೊಂದು ಎಂಬುದನ್ನು ಕಂಡು, ತಾವೂ ಒಂದನ್ನು ಕೊಂಡು ಸುತ್ತಿ ಸುತ್ತಿ ಅಭ್ಯಾಸ ಮಾಡಿದರು. ಕಲ್ಕತ್ತೆಯಲ್ಲಿ ನಿಜವಾದ ಬೀದಿಯಲ್ಲಿ ಬರಿಗಾಲಲ್ಲಿ ನಿಜವಾದ ರಿಕ್ಷಾ ಎಳೆದರು. ಕಾದ ಡಾಂಬರು, ಹೆಗಲಿನ ನೋವು, ಏದುಸಿರು, ಯಾವುದನ್ನೂ ಸ್ಟುಡಿಯೋದಲ್ಲಿ ತಯಾರಿಸಲಿಲ್ಲ.

ಹೀಗೆ ದುಡಿಯುತ್ತಿದ್ದಾಗ ಒಂದು ದಿನ ಅದೇ ವೇಷದಲ್ಲಿ ಬೀಡಾ ಅಂಗಡಿಗೆ ಹೋಗಿ ಸಿಗರೇಟು ಕೇಳಿ ಐದು ರೂಪಾಯಿಯ ನೋಟು ಚಾಚಿದರು. ಅಂಗಡಿಯವನು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೋಟನ್ನು ಬೆಳಕಿಗೆ ಹಿಡಿದು ನೋಡಿದ. ಬಹಳ ಯೋಚಿಸಿ ಸಿಗರೇಟು ಕೊಟ್ಟ. ವರ್ತಕ ಮಿತ್ರರು ಬೇಸರಿಸಬಾರದು. ಕಳ್ಳನೋಟಿನ ಭಯ ಅಂಗಡಿಕಾರನಿಗೆ ಇದ್ದದ್ದೇ. ಆದರೆ ಸೂಟು ತೊಟ್ಟವನ ನೋಟನ್ನು ನಾವು ಬೆಳಕಿಗೆ ಹಿಡಿಯುತ್ತೇವೆಯೇ? ಬಟ್ಟೆ ಬದಲಾದರೆ ದುಡ್ಡಿನ ಬೆಲೆಯೂ ಬದಲಾಗುತ್ತದೆ ಎಂಬ ಪಾಠವನ್ನು ಆ ಎಂ.ಎ. ಪದವೀಧರರು ಬೀಡಾ ಅಂಗಡಿಯಲ್ಲಿ ಕಲಿತರು.

ಇಷ್ಟಾದರೂ ಪಾತ್ರ ಕೈಗೆ ಹತ್ತಲಿಲ್ಲವೆಂದು ಅವರು ಕುಗ್ಗಿ ಕೂತಿದ್ದರು. ಆಗ ನಡುವಯಸ್ಸಿನ ಒಬ್ಬ ನಿಜವಾದ ರಿಕ್ಷಾದವನು ಬಂದು, ಇಲ್ಲಿ ಏನು ನಡೆಯುತ್ತಿದೆ ಬಾಬು ಎಂದು ಕೇಳಿದ. ಬಲರಾಜರು ಚಿತ್ರದ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಆ ಮನುಷ್ಯನ ಕಣ್ಣಲ್ಲಿ ನೀರಾಡಿತು. ಬಿಹಾರದ ಹಳ್ಳಿಯಲ್ಲಿ ಅವನಿಗೂ ಎರಡು ಬಿಘಾ ನೆಲ ಇತ್ತು; ಹದಿನೈದು ವರ್ಷದ ಹಿಂದೆ ಜಮೀನುದಾರನಿಗೆ ಒತ್ತೆ ಇಟ್ಟಿದ್ದ; ಬಿಡಿಸಿಕೊಳ್ಳಲೆಂದು ಅಂದಿನಿಂದ ರಿಕ್ಷಾ ಎಳೆಯುತ್ತಲೇ ಇದ್ದ. ಇದು ನನ್ನ ಕಥೆ ಎಂದು ಹೇಳುತ್ತ ಹೊರಟುಹೋದ.

ಆ ಕ್ಷಣದಿಂದ ತಾವು ನಟನಾಶಾಸ್ತ್ರದ ಪುಸ್ತಕಗಳನ್ನು ಬದಿಗಿಟ್ಟು ಆ ಮನುಷ್ಯನ ಜೀವವನ್ನೇ ಒಳಗೆ ತೆಗೆದುಕೊಂಡೆವೆಂದು ಬಲರಾಜರು ಬರೆದಿದ್ದಾರೆ. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ನಟನಿಗೆ ಯಾರ ಪಾತ್ರ ಮಾಡಲೂ ಹಕ್ಕಿದೆ; ಆದರೆ ಆ ಹಕ್ಕು ಹುಟ್ಟಿನಿಂದ ಬರುವುದಿಲ್ಲ, ಓದಿನಿಂದ ಬರುವುದಿಲ್ಲ. ಯಾರ ಪಾತ್ರ ಮಾಡುತ್ತಾನೋ ಅವರ ಮುಂದೆ ವಿದ್ಯಾರ್ಥಿಯಾಗಿ ಕೂತವನಿಗೆ ಮಾತ್ರ ಅದು ದಕ್ಕುತ್ತದೆ.

ಚಿತ್ರಕ್ಕೆ 1954ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಬಹುಮಾನ ಬಂತು. ಆ ರಿಕ್ಷಾದವನಿಗೆ ಅವನ ಎರಡು ಬಿಘಾ ಮರಳಿ ಬಂದಿತೆ? ಅದನ್ನು ಯಾರೂ ಬರೆದಿಟ್ಟಿಲ್ಲ. ಪಾತ್ರ ಮಾಡುವವನಿಗೆ ಸಂಜೆಗೆ ಬಿಡುಗಡೆ ಉಂಟು, ಬದುಕುವವನಿಗೆ ಇಲ್ಲ. ಕಲೆ ಎಷ್ಟೇ ದೊಡ್ಡದಾದರೂ ಹೊಲವನ್ನು ಬಿಡಿಸಿಕೊಡಲಾರದು. ಆ ಕೆಲಸ ಕಾನೂನಿನದು, ಕಾನೂನನ್ನು ಬದಲಿಸುವ ಸಂಘಟನೆಯದು. ಕಲೆ ಮಾಡಬಲ್ಲದ್ದು ಇಷ್ಟೇ: ಅನ್ಯಾಯವಾದದ್ದು ಅನ್ಯಾಯವೇ ಹೊರತು ಹಣೆಬರಹವಲ್ಲ ಎಂದು ಸಾವಿರಾರು ಜನಕ್ಕೆ ಒಟ್ಟಿಗೆ ತೋರಿಸುವುದು. ಅದು ಸಣ್ಣ ಕೆಲಸವಲ್ಲ.

ನಮ್ಮ ಓಣಿಯ ಮುಖಗಳು

ಬಹುಮುಖ ನಟ ಎಂಬ ಮಾತನ್ನು ಇಂದು ಮನಬಂದಂತೆ ಬಳಸುತ್ತಾರೆ. ಮೀಸೆ ಬದಲಾಯಿಸಿ, ಟೋಪಿ ಬದಲಾಯಿಸಿ, ಧ್ವನಿ ದಪ್ಪ ಮಾಡಿದರೆ ಬಹುಮುಖತೆ ಆಯಿತೆನ್ನುತ್ತಾರೆ. ಬಲರಾಜರ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. 1955ರ ‘ಸೀಮಾ’ದಲ್ಲಿ ನಿರ್ಗತಿಕ ಹೆಣ್ಣುಮಕ್ಕಳ ಆಶ್ರಮದ ವ್ಯವಸ್ಥಾಪಕ. ಅದೇ ವರ್ಷದ ‘ಗರಮ್ ಕೋಟ್’ನಲ್ಲಿ ಅಂಚೆ ಕಚೇರಿಯ ಗುಮಾಸ್ತ, ಒಂದು ನೋಟು ಕಳೆದುಹೋದದ್ದಕ್ಕೆ ಅವನ ಸಂಸಾರವೇ ನಡುಗುತ್ತದೆ. 1960ರ ‘ಅನುರಾಧಾ’ದಲ್ಲಿ ಹಳ್ಳಿಯ ಡಾಕ್ಟರು. 1961ರ ‘ಕಾಬೂಲಿವಾಲಾ’ದಲ್ಲಿ, ಠಾಕೂರರ ಕಥೆಯಲ್ಲಿ, ಊರು ಬಿಟ್ಟು ಬಂದು ಬೀದಿ ಬೀದಿಯಲ್ಲಿ ಒಣಹಣ್ಣು ಮಾರುವ ಪಠಾಣ. 1964ರ ‘ಹಕೀಕತ್’ನಲ್ಲಿ ಲಡಾಖಿನ ಹಿಮದ ನಡುವಿನ ಸೇನಾಧಿಕಾರಿ. 1965ರ ‘ವಕ್ತ್’ನಲ್ಲಿ ತನ್ನ ಐಶ್ವರ್ಯವನ್ನು ನೋಡಿ ತಾನೇ ಬೀಗುತ್ತಿದ್ದು, ಭೂಕಂಪದ ಒಂದೇ ಏಟಿಗೆ ಮನೆ ಮಕ್ಕಳನ್ನೆಲ್ಲ ಕಳೆದುಕೊಳ್ಳುವ ವರ್ತಕ.

ಈ ಎಲ್ಲ ಪಾತ್ರಗಳಲ್ಲೂ ಮುಖ ಅವರದೇ, ಹೆಚ್ಚಿನ ಬಣ್ಣವಿಲ್ಲ, ಅಬ್ಬರವಿಲ್ಲ. ಬದಲಾಗುವುದು ನಡಿಗೆ, ನೋಟ, ಕೈಯ ಬಳಕೆ. ರಿಕ್ಷಾದವನು ದುಡ್ಡು ಎಣಿಸುವ ರೀತಿ ಬೇರೆ, ವರ್ತಕ ಎಣಿಸುವ ರೀತಿ ಬೇರೆ, ತಿಂಗಳ ಕೊನೆಯಲ್ಲಿ ಗುಮಾಸ್ತ ಎಣಿಸುವ ರೀತಿ ಬೇರೆ. ಕಸಬು ಮನುಷ್ಯನ ಮೈಯಲ್ಲಿ ಬರೆದಿರುತ್ತದೆ. ಅದನ್ನು ಓದಬಲ್ಲವನೇ ಬಹುಮುಖ ನಟ.

ಅವರು ಸಿನಿಮಾದಲ್ಲಿ ಮೇಲೇರಿದ ಮೇಲೂ ನಾಟಕವನ್ನು ಬಿಡಲಿಲ್ಲ. ಜುಹೂ ಆರ್ಟ್ ಥಿಯೇಟರ್ ಎಂಬ ತಂಡ ಕಟ್ಟಿದರು. ಮುಂಬಯಿಯ ಚಿತ್ರಗಳಲ್ಲಿ ಸತ್ವವಿಲ್ಲದ ಪಾತ್ರಗಳನ್ನೂ ಸಂಪಾದನೆಗಾಗಿ ಮಾಡಿದರು. 1969ರಲ್ಲಿ ಪದ್ಮಶ್ರೀ ಬಂತು. ಸುಖವಾಗಿ ಕೂರಲು ಇಷ್ಟು ಸಾಕಿತ್ತು. ಆದರೆ 1970ರಲ್ಲಿ ವಿದ್ಯುತ್ ಮಗ್ಗಗಳ ಊರಾದ ಭಿವಂಡಿಯಲ್ಲಿ ಕೋಮುಗಲಭೆಯಾದಾಗ ಅವರು ಅಲ್ಲಿಗೆ ಹೋಗಿ ನೊಂದವರ ನಡುವೆ ಉಳಿದರು. 1972ರಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಕರೆದಾಗ, ನಾವು ಇನ್ನೂ ಪರರನ್ನು ಅನುಕರಿಸುವ ಗುಲಾಮಿ ಬುದ್ಧಿಯನ್ನು ಬಿಟ್ಟಿಲ್ಲವೆಂದು ತಮ್ಮ ಸಿನಿಮಾ ಲೋಕವನ್ನೂ ಬಿಡದೆ ಟೀಕಿಸಿದರು.

ಪತ್ತು ಕಳೆದುಕೊಂಡ ವರ್ತಕ

ಅವರ ಕೊನೆಯ ದೊಡ್ಡ ಪಾತ್ರ ನಮ್ಮ ನಾಡಿನ ನಂಟಿನಿಂದ ಬಂದದ್ದು. ಮೈಸೂರಿನವರಾದ ಎಂ. ಎಸ್. ಸತ್ಯು ಅವರು ‘ಗರ್ಮ್ ಹವಾ’ ಎಂಬ ಚಿತ್ರವನ್ನು ಸರ್ಕಾರದ ಚಲಚ್ಚಿತ್ರ ಹಣಕಾಸು ನಿಗಮದ ಸಾಲ ಪಡೆದು ಆಗ್ರಾದಲ್ಲಿ ತೆಗೆದರು. ಇಸ್ಮತ್ ಚುಗ್ತಾಯಿಯವರ ಕಥೆ. ಕೈಫಿ ಆಜ್ಮಿ ಮತ್ತು ಶಮಾ ಜೈದಿಯವರ ಚಿತ್ರಕಥೆ.

ಸಲೀಂ ಮಿರ್ಜಾ ಆಗ್ರಾದ ಒಬ್ಬ ಸಣ್ಣ ಪಾದರಕ್ಷೆ ತಯಾರಕ. ದೇಶ ಒಡೆದಿದೆ. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೋಗುತ್ತಿದ್ದಾರೆ. ಇವನು ಹೋಗುವುದಿಲ್ಲ, ಇದು ನನ್ನ ಊರು ಎನ್ನುತ್ತಾನೆ. ಆದರೆ ಬ್ಯಾಂಕು ಸಾಲ ಕೊಡುವುದಿಲ್ಲ, ಸಾಹುಕಾರ ಕೊಡುವುದಿಲ್ಲ. ಇವತ್ತು ಇರುವವನು ನಾಳೆ ಗಡಿ ದಾಟಿದರೆ ವಸೂಲಿ ಹೇಗೆ ಎಂಬ ಅನುಮಾನ. ಮಾಲು ಕೆಟ್ಟದ್ದಲ್ಲ, ಮಾತು ತಪ್ಪಿದವನಲ್ಲ. ಧರ್ಮ ಬೇರೆ ಎಂಬ ಒಂದೇ ಕಾರಣಕ್ಕೆ ಪತ್ತು ಹೋಗುತ್ತದೆ. ವರ್ತಕ ಮಿತ್ರರೇ, ಪತ್ತು ಹೋಯಿತೆಂದರೆ ಅಂಗಡಿಕಾರನ ಉಸಿರೇ ಹೋದಂತೆ ಎಂಬುದನ್ನು ನಿಮಗೆ ನಾವು ಹೇಳಬೇಕೆ? ತಲೆತಲಾಂತರದ ಮನೆ ಕೈಬಿಡುತ್ತದೆ. ಬಾಡಿಗೆ ಮನೆ ಸಿಗುವುದಿಲ್ಲ. ಗೂಢಚಾರನೆಂಬ ಸುಳ್ಳು ಆರೋಪ ಬರುತ್ತದೆ. ಮಗಳು ಪ್ರಾಣ ಕಳೆದುಕೊಳ್ಳುತ್ತಾಳೆ.

ಇಷ್ಟನ್ನೂ ಬಲರಾಜರು ಧ್ವನಿ ಏರಿಸದೆ ಅಭಿನಯಿಸಿದರು. ರಾವಲ್ಪಿಂಡಿಯಿಂದ ಈ ಕಡೆಗೆ ಬಂದು ನೆಲೆ ಕಳೆದುಕೊಂಡ ಹಿಂದೂ, ಆಗ್ರಾದಲ್ಲಿ ನೆಲೆ ಕಳೆದುಕೊಳ್ಳುತ್ತಿರುವ ಮುಸಲ್ಮಾನನ ದುಃಖವನ್ನು ಹೊತ್ತು ನಿಂತ. ಅವರು ಅದೇ ಕಾಲಕ್ಕೆ ತಮ್ಮ ಮಗಳನ್ನೂ ಕಳೆದುಕೊಂಡಿದ್ದರು. ಚಿತ್ರದ ಕೊನೆಗೆ ಮಿರ್ಜಾ ಸೋತು, ಮಗನೊಡನೆ ಜಟಕಾ ಹತ್ತಿ ಊರು ಬಿಡಲು ಹೊರಡುತ್ತಾನೆ. ದಾರಿಯಲ್ಲಿ ಕೆಲಸ ಕೊಡಿ ಎಂದು ಕೂಗುತ್ತ ಮೆರವಣಿಗೆ ಬರುತ್ತದೆ. ಮಗ ಇಳಿದು ಅದರೊಳಗೆ ಸೇರುತ್ತಾನೆ. ತಂದೆ ಜಟಕಾವನ್ನು ಹಿಂದಕ್ಕೆ ಕಳುಹಿಸಿ ತಾನೂ ಸೇರುತ್ತಾನೆ. ಮನುಷ್ಯ ಒಂಟಿಯಾಗಿ ಎಷ್ಟು ದಿನ ಬದುಕಿಯಾನು ಎಂಬುದೇ ಆ ಹೆಜ್ಜೆಯ ಅರ್ಥ.

ಈ ಚಿತ್ರಕ್ಕೆ ತಮ್ಮ ಧ್ವನಿ ಕೊಡುವ ಕೆಲಸವನ್ನು ಬಲರಾಜರು ಮುಗಿಸಿದರು. ಮರುದಿನ, 1973ರ ಏಪ್ರಿಲ್ 13ರಂದು, ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಲು ಇನ್ನೂ ಕೆಲವು ದಿನ ಉಳಿದಿದ್ದುವು. ಗಲಭೆಯಾದೀತೆಂಬ ನೆಪದಲ್ಲಿ ಚಿತ್ರವನ್ನು ಹಲವು ತಿಂಗಳು ಸೆನ್ಸಾರಿನಲ್ಲಿ ತಡೆದರು. ಕಡೆಗೆ ಅದು ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಜನ ನೋಡಿದರು, ಮೆಚ್ಚಿದರು. ಆ ಮೇಲೆ ಅದು ದೇಶದ ಬೇರೆಡೆಗೆ ಹೋಯಿತು. ಮುಂದೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಜನರನ್ನು ನಂಬದವರು ಆಳುವವರು. ನಂಬಿಕೆಗೆ ಅರ್ಹರೆಂದು ತೋರಿಸಿದವರು ಬೆಂಗಳೂರಿನ ಸಾಮಾನ್ಯ ಪ್ರೇಕ್ಷಕರು.

ಮಿತ್ರರೇ, ಇಷ್ಟೆಲ್ಲ ಹೇಳಿದ್ದು ನಟನೊಬ್ಬನನ್ನು ಹೊತ್ತು ಮೆರೆಸಲು ಅಲ್ಲ. ಒಬ್ಬ ನಟ ಇನ್ನೊಬ್ಬನ ದುಡಿಮೆಯನ್ನು ಅರಿಯಲು ಬರಿಗಾಲಲ್ಲಿ ರಿಕ್ಷಾ ಎಳೆದ. ಒಂದೇ ಊರಿನಲ್ಲಿರುವ ನಾವು, ಗಿರಣಿಯವರು ಅಂಗಡಿಯವರ ಕಷ್ಟವನ್ನು, ಅಂಗಡಿಯವರು ಗಿರಣಿಯವರ ಕಷ್ಟವನ್ನು, ಇಬ್ಬರೂ ಕೂಡಿ ನೆರೆಯ ಓಣಿಯ ಬೇರೆ ಮತದವನ ಕಷ್ಟವನ್ನು ಎಷ್ಟು ಅರಿತಿದ್ದೇವೆ? ಸಂಬಳ ತಡವಾದ ತಿಂಗಳು ಉದ್ದರಿ ಕೊಟ್ಟು ಕಾರ್ಮಿಕನ ಒಲೆ ಉರಿಸುವವನು ಓಣಿಯ ಅಂಗಡಿಕಾರ. ಗಿರಣಿಯ ಬಾಗಿಲು ಮುಚ್ಚಿದ ದಿನ ಆ ಅಂಗಡಿಯ ಗಲ್ಲವೂ ಬರಿದಾಗುತ್ತದೆ. ಈ ಲೆಕ್ಕ ನಮಗೆಲ್ಲ ಗೊತ್ತು, ಗೊತ್ತಿದ್ದೂ ಮರೆಯುತ್ತೇವೆ.

‘ದೋ ಬಿಘಾ ಜಮೀನ್’, ‘ಗರ್ಮ್ ಹವಾ’ ಈ ಎರಡು ಚಿತ್ರಗಳನ್ನಾದರೂ ಮನೆಮಂದಿಯೊಡನೆ, ನೆರೆಯವರನ್ನೂ ಕರೆದು ಕೂಡಿಸಿಕೊಂಡು ನೋಡಿ. ನೋಡಿದ ಮೇಲೆ ಎದ್ದುಹೋಗದೆ ಅರ್ಧ ಗಂಟೆ ಮಾತನಾಡಿ. ಆ ಅರ್ಧ ಗಂಟೆಯ ಮಾತಿಗಾಗಿಯೇ ಆ ಮನುಷ್ಯ ಅಷ್ಟು ದುಡಿದದ್ದು.